ತೂಕದ ಯಂತ್ರದ ಪಕ್ಕ ನನ್ನ ಕುರ್ಚಿ

ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಸೈಕಾಲಜಿಸ್ಟ್ ಕೂತರೆ ನಡೆಯಲ್ಲ ಅಂತ ದಾವಣಗೆರೆಯಲ್ಲಿ ನನಗೆ ಹೇಳದವರಿಲ್ಲ. ಜೊತೆಗೆ ಓದಿದವರೇ "ಸುಮ್ನೆ ಬೆಂಗಳೂರಿಗೆ ಬಂದುಬಿಡು" ಅಂದರು. ಈಗ ನಾಲ್ಕನೇ ವರ್ಷ. ಚೆನ್ನಾಗೇ ನಡೆಯುತ್ತಿದೆ.

ಮೊದಲ ವರ್ಷ ಪೂರ್ತಿ ಸೋಲು. ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ರೂಮು, ಬಾಡಿಗೆ ಆರೇಳು ಸಾವಿರ, ಬಾಗಿಲಿಗೆ "ಮಕ್ಕಳ ಮಾನಸಿಕ ಆರೋಗ್ಯ" ಅಂತ ಬೋರ್ಡು. ಡಾಕ್ಟರು ಹತ್ತು ಜನರಿಗೆ ಚೀಟಿ ಬರೆದರೆ ಮೇಲೆ ಬರುತ್ತಿದ್ದವರು ಒಬ್ಬರೋ ಇಬ್ಬರೋ. ಒಬ್ಬ ಅಜ್ಜಿ ಬೋರ್ಡು ಓದಿಸಿಕೊಂಡು, "ನಮ್ಮ ಹುಡುಗನಿಗೆ ತಲೆ ಸರಿ ಇದೆಯಮ್ಮ" ಅಂದು ಅರ್ಧ ಮೆಟ್ಟಿಲಿನಿಂದಲೇ ಇಳಿದುಹೋದರು. ಆ ವರ್ಷ ಕೈಯಿಂದ ಹೋಗಿದ್ದು ಒಂದು ಲಕ್ಷದ ಹತ್ತಿರ.

ರೂಮು ಬಿಟ್ಟೆ. ಕೆಳಗೆ ಸಿಸ್ಟರ್ ತೂಕ ನೋಡುವ ಜಾಗದ ಪಕ್ಕ ನನಗೊಂದು ಕುರ್ಚಿ, ಮಗುವಿಗೊಂದು ಸ್ಟೂಲು, ಸುತ್ತ ಒಂದು ಪರದೆ. ಬೋರ್ಡಿಲ್ಲ, ಚೀಟಿಯಿಲ್ಲ. ಡಾಕ್ಟರೇ ಎದ್ದು ಬಂದು "ಇವರು ನಮ್ಮ ಮೇಡಂ, ಹತ್ತು ನಿಮಿಷ ಮಾತಾಡ್ತಾರೆ" ಅಂತ ಹೇಳಬೇಕು. ಅವರು ಕೂತಲ್ಲಿಂದಲೇ ಕೈ ತೋರಿಸಿದ ದಿನ ಅರ್ಧಕ್ಕರ್ಧ ಜನ ಹೊರಟೇ ಹೋಗುತ್ತಾರೆ. ಎಣಿಸಿ ನೋಡಿದ್ದೇನೆ.

ಬೇರೆ ಫೀಸು 400 ಇಟ್ಟಾಗ ಎರಡನೇ ಸಲ ಯಾರೂ ಬರಲಿಲ್ಲ. ಈಗ ಡಾಕ್ಟರ ಫೀಸಿನಲ್ಲೇ 50 ರೂಪಾಯಿ ಜಾಸ್ತಿ, ಬಂದ ಎಲ್ಲ ಮಕ್ಕಳಿಗೂ. ಅದು ನನ್ನ ಪಾಲು. ದಿನಕ್ಕೆ 40ರ ಆಸುಪಾಸು ಮಕ್ಕಳು, ಲೆಕ್ಕ ಹಾಕಿಕೊಳ್ಳಿ.

ಮಕ್ಕಳ ಮನಸ್ಸಿನ ತೊಂದರೆ ಗುರುತಿಸುವ ಪಿಎಸ್‌ಸಿ (ಪೀಡಿಯಾಟ್ರಿಕ್ ಸಿಂಪ್ಟಮ್ ಚೆಕ್‌ಲಿಸ್ಟ್) ಅನ್ನುವ 35 ಪ್ರಶ್ನೆಗಳ ಹಾಳೆ ಕೊಟ್ಟರೆ ತಾಯಂದಿರು ಎಲ್ಲದಕ್ಕೂ "ಇಲ್ಲ" ಗೀಚಿ ಕೊಡುತ್ತಿದ್ದರು. 17 ಪ್ರಶ್ನೆಯದಕ್ಕೆ ಇಳಿದೆ; ತೂಕ ನೋಡುತ್ತಾ ಸಿಸ್ಟರ್ ಬಾಯಲ್ಲೇ ಕೇಳುತ್ತಾರೆ. "ಹತಾಶೆ" ಅನ್ನುವ ಪದ ಯಾರಿಗೂ ಮುಟ್ಟಲಿಲ್ಲ. "ನನ್ನ ಕೈಲಿ ಏನೂ ಆಗಲ್ಲ ಅಂತಾನಾ?" ಅಂದಾಗ ಒಬ್ಬ ತಾಯಿ ಥಟ್ಟನೆ ತಲೆ ಎತ್ತಿದರು. ಉತ್ತರಗಳ ಒಟ್ಟು ಅಂಕ 15 ಮುಟ್ಟಿದರೆ ನನ್ನ ಹತ್ತಿರ. ಆದರೆ ಹೊಟ್ಟೆನೋವಿನ ಮಕ್ಕಳನ್ನು 10 ಬಂದರೂ ಬಿಡಲ್ಲ.

ಯಾಕೆಂದರೆ ಆ ಎಂಟು ವರ್ಷದ ಹುಡುಗ. ಪ್ರತಿ ಭಾನುವಾರ ರಾತ್ರಿ ಹೊಟ್ಟೆನೋವು. ಜಂತುಹುಳಕ್ಕೆ ಔಷಧಿ ಆಗಿತ್ತು, ಎರಡು ಸ್ಕ್ಯಾನ್ ಆಗಿತ್ತು, ಐದಾರು ಸಾವಿರ ಖರ್ಚಾಗಿತ್ತು. ಸ್ಟೂಲಿನ ಮೇಲೆ ಕೂತು ಚಪ್ಪಲಿಯ ಪಟ್ಟಿ ಎಳೆಯುತ್ತಲೇ ಇದ್ದ. ಶಾಲೆಯ ಬಸ್ಸಿನ ಚಿತ್ರ ಬರಿ ಅಂದೆ. ಎಲ್ಲ ಸೀಟು ಬರೆದ, ಹಿಂದಿನ ಸೀಟಿಗೆ ಮಾತ್ರ ಪೆನ್ಸಿಲ್ ಮುರಿಯುವಷ್ಟು ಕಪ್ಪು ಬಳಿದ. ದೊಡ್ಡ ಹುಡುಗರು ಅಲ್ಲಿ ಅವನನ್ನು ಹಿಡಿದು ಕೂರಿಸಿಕೊಳ್ಳುತ್ತಿದ್ದರು. ಅವನಮ್ಮ ಶಾಲೆಯಲ್ಲಿ ಮಾತಾಡಿದರು, ಡ್ರೈವರ್ ಹಿಂದಿನ ಸೀಟು ಸಿಕ್ಕಿತು. ಮೂರು ವಾರದಲ್ಲಿ ನೋವು ಮಾಯ. ಅವತ್ತಿನಿಂದ ನಮ್ಮ ಡಾಕ್ಟರು ಸ್ಕ್ಯಾನ್ ಬರೆಯುವ ಮುಂಚೆ ನನ್ನ ಕಡೆ ನೋಡುತ್ತಾರೆ. ಮಕ್ಕಳು ಬಾಯಿ ಬಿಡಲು ನಾನು ಮೊದಲು ಕೇಳುವ ಪ್ರಶ್ನೆ ಬೇರೆ ಒಂದಿದೆ. ಅದನ್ನು ಇಲ್ಲಿ ಬರೆಯಲ್ಲ.

ನಡುವೆ ಇನ್ನೊಂದು ಪ್ರಯತ್ನ. ಒಂದೂವರೆ ವರ್ಷದ ಬೂಸ್ಟರ್ ಲಸಿಕೆಯ ದಿನ ಆಟಿಸಂ ಲಕ್ಷಣ ಗುರುತಿಸುವ ಎಂ-ಚಾಟ್-ಆರ್‌ನ 20 ಪ್ರಶ್ನೆ ಕೇಳಲು ಶುರು ಮಾಡಿದೆ. ಸೂಜಿಯಾದ ಮೇಲೆ ಕೇಳಿ ಕೆಟ್ಟೆ: ಮಗು ಅಳುತ್ತಿದ್ದರೆ ಯಾವ ತಾಯಿ ನಿಲ್ಲುತ್ತಾಳೆ? ಸೂಜಿಗೆ ಮುಂಚೆ ಕೇಳಿದರೆ ಆಗುತ್ತೆ. ದೊಡ್ಡ ಮಕ್ಕಳಿಗೆ ಸೂಜಿ ಚುಚ್ಚುವಾಗ ಊದಲು ಕಾಗದದ ಗಿರಗಿಟ್ಲೆ ಕೊಡುತ್ತೇವೆ. ಅದಕ್ಕೋಸ್ಕರವೇ ಕೆಲವರು ನಮ್ಮಲ್ಲಿಗೆ ಬರುತ್ತಾರೆ.

ಹೈಸ್ಕೂಲ್ ಮಕ್ಕಳಿಗೆ ಮಾತ್ರ ಈ ಪರದೆ ಸಾಲದು. ಅಮ್ಮ ಆಚೆ ನಿಂತಿದ್ದರೆ ಅವರು ಮಾತಾಡಲ್ಲ. ಅವರಿಗಾಗಿ ಬುಧವಾರ ಮಧ್ಯಾಹ್ನ, ಕ್ಲಿನಿಕ್ ಖಾಲಿ ಇರುವಾಗ, ಡಾಕ್ಟರ ರೂಮನ್ನೇ ಕೇಳಿ ತೆಗೆದುಕೊಂಡಿದ್ದೇನೆ. ನಾನಿಲ್ಲದ ದಿನಕ್ಕೆ ಅಂತ ಅವರ ಚೀಟಿಯ ಹಿಂದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಬರೆದುಕೊಡುತ್ತೇನೆ. ಹೋದ ವಾರ ಮೂವರು ಬಂದಿದ್ದರು, ಅದರಲ್ಲಿ ಒಬ್ಬಳು ಯಾರೂ ಕರೆಯದೆ ತಾನೇ ಬಂದವಳು.