ನಯಾಸಿನ್ ಕೊರತೆ: ಪೆಲಾಗ್ರಾವನ್ನು ನಾನು ಗುರುತಿಸುವ, ಗುಣಪಡಿಸುವ ಬಗೆ

ನಯಾಸಿನ್, ಅಂದರೆ ಬಿ3 ಜೀವಸತ್ವದ ಕೊರತೆಯಿಂದ ಬರುವ ಪೆಲಾಗ್ರಾ ರೋಗದ ಗುರುತನ್ನು ನಾನು ಮೊದಲು ಹುಡುಕುವುದು ರೋಗಿಯ ಕೈಗಳಲ್ಲಿ. ಬಿಸಿಲು ತಾಗುವ ಭಾಗದಲ್ಲಷ್ಟೇ, ಎರಡೂ ಕೈಗಳಲ್ಲಿ ಒಂದೇ ರೀತಿ, ಅಂಚು ಸ್ಪಷ್ಟವಾಗಿರುವ ಕಪ್ಪು, ಒರಟು, ಸಿಪ್ಪೆ ಏಳುವ ಚರ್ಮ ಕಂಡರೆ ಕಾಲರ್ ಸರಿಸಿ ಕುತ್ತಿಗೆಯನ್ನೂ ನೋಡುತ್ತೇನೆ. ಅಲ್ಲಿಯೂ ಸುತ್ತ ಅಂಥದ್ದೇ ಪಟ್ಟಿಯಿದ್ದರೆ ಅದು ‘ಕಸಾಲ್ ಹಾರ’. 1735ರಲ್ಲಿ ಸ್ಪೇನ್‌ನ ವೈದ್ಯ ಗಾಸ್ಪರ್ ಕಸಾಲ್ ಈ ರೋಗವನ್ನು ವಿವರಿಸಿದ್ದರಿಂದ ಆ ಹೆಸರು.

ಬರೀ ಮುಲಾಮು ಕೊಟ್ಟು ಕಳಿಸುವುದು ಇಲ್ಲಿ ಅಪಾಯಕಾರಿ. ಭೇದಿ, ಕೆಂಪಗೆ ಉರಿಯುವ ನಾಲಿಗೆ, ನಿದ್ರಾಹೀನತೆ, ಸಿಡುಕು, ಮರೆವು ಇವೆಯೇ ಎಂದು ಒಂದೊಂದನ್ನೇ ಕೇಳಬೇಕು. ಎಲ್ಲವೂ ಒಟ್ಟಿಗೆ ಕಾಣಲೆಂದು ಕಾಯಬಾರದು. ಮದ್ಯವ್ಯಸನಿಗಳಲ್ಲಿ ಚರ್ಮ ಚೆನ್ನಾಗಿದ್ದು ಮನಸ್ಸಿನ ಗೊಂದಲವಷ್ಟೇ ಇರಬಹುದು. ನಯಾಸಿನ್‌ನಿಂದ ದೇಹ ಎನ್‌ಎಡಿ, ಎನ್‌ಎಡಿಪಿ ಎಂಬ ಸಹಕಿಣ್ವಗಳನ್ನು (ಕಿಣ್ವಗಳ ಕೆಲಸಕ್ಕೆ ನೆರವಾಗುವ ಅಣುಗಳನ್ನು) ತಯಾರಿಸುತ್ತದೆ. ಆಹಾರದಿಂದ ಶಕ್ತಿ ಪಡೆಯುವುದಕ್ಕೂ ಡಿಎನ್‌ಎ ದುರಸ್ತಿಗೂ ಎನ್‌ಎಡಿ ಬೇಕೇ ಬೇಕು. ಹಾಗಾಗಿ ಬೇಗ ಬೇಗ ಹೊಸದಾಗುವ ಚರ್ಮ, ಕರುಳಿನ ಒಳಪದರ ಮತ್ತು ಹೆಚ್ಚು ಶಕ್ತಿ ಬೇಡುವ ಮಿದುಳು ಮೊದಲು ಸೊರಗುತ್ತವೆ.

ಮುಂದಿನ ಪ್ರಶ್ನೆ ಊಟದ್ದು. ವಯಸ್ಕರಿಗೆ ದಿನಕ್ಕೆ ಸುಮಾರು 14ರಿಂದ 16 ಮಿ.ಗ್ರಾಂ ನಯಾಸಿನ್ ಸಾಕು. ಅದರಲ್ಲಿ ಒಂದಿಷ್ಟನ್ನು ದೇಹ ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ತಾನೇ ಮಾಡಿಕೊಳ್ಳುತ್ತದೆ: 60 ಮಿ.ಗ್ರಾಂ ಟ್ರಿಪ್ಟೊಫ್ಯಾನ್‌ಗೆ 1 ಮಿ.ಗ್ರಾಂ ನಯಾಸಿನ್ ಲೆಕ್ಕ. ಈ ಪರಿವರ್ತನೆಗೆ ಬಿ2, ಬಿ6, ಕಬ್ಬಿಣ ಬೇಕು. ಮೆಕ್ಕೆಜೋಳವನ್ನೇ ನೆಚ್ಚಿದವರಿಗೆ ಎರಡು ಕಡೆಯಿಂದಲೂ ಪೆಟ್ಟು: ಅದರಲ್ಲಿ ಟ್ರಿಪ್ಟೊಫ್ಯಾನ್ ಕಡಿಮೆ, ಇರುವ ನಯಾಸಿನ್ ಬೇರೆ ಅಣುಗಳಿಗೆ ಬಿಗಿದುಕೊಂಡಿರುವುದರಿಂದ ಕರುಳಿಗೆ ದಕ್ಕುವುದಿಲ್ಲ. ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ ನೆನೆಸಿದರೆ ಆ ಬಿಗಿತ ಬಿಡುತ್ತದೆ. ಮಧ್ಯ ಅಮೆರಿಕದ ಮೂಲನಿವಾಸಿಗಳು ಹಾಗೆಯೇ ಮಾಡುತ್ತಿದ್ದರು. ಯುರೋಪಿಗೆ ಕಾಳು ಹೋಯಿತು, ಕ್ರಮ ಹೋಗಲಿಲ್ಲ.

ಊಟ ಸರಿಯಿದ್ದರೆ ಔಷಧಿ ಚೀಟಿ ನೋಡುತ್ತೇನೆ. ಕ್ಷಯಕ್ಕೆ ಕೊಡುವ ಐಸೊನಿಯಾಜಿಡ್ ಬಿ6 ಅನ್ನು ಕುಗ್ಗಿಸಿ ಪರಿವರ್ತನೆಯನ್ನೇ ತಡೆಯುತ್ತದೆ. ಅದೂ ಇಲ್ಲದಿದ್ದರೆ ಟ್ರಿಪ್ಟೊಫ್ಯಾನನ್ನು ತಾನೇ ಬಳಸಿಬಿಡುವ ಕಾರ್ಸಿನಾಯ್ಡ್ ಗಡ್ಡೆ, ಅದನ್ನು ಕರುಳು ಸರಿಯಾಗಿ ಹೀರದ ಹಾರ್ಟ್‌ನಪ್ ಎಂಬ ಆನುವಂಶಿಕ ಕಾಯಿಲೆಗಳತ್ತ ಯೋಚಿಸಬೇಕು.

ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಚಿಕಿತ್ಸೆ ಶುರು ಮಾಡುತ್ತೇನೆ. ವಯಸ್ಕರಿಗೆ ನಯಾಸಿನ್‌ನ ಒಂದು ರೂಪವಾದ ನಿಕೋಟಿನಮೈಡ್ 100 ಮಿ.ಗ್ರಾಂ, ದಿನಕ್ಕೆ ಮೂರು ಸಲ, ಮೂರು-ನಾಲ್ಕು ವಾರ. ಜೊತೆಗೆ ಬಿ ಕಾಂಪ್ಲೆಕ್ಸ್, ಪ್ರೋಟೀನ್ ಹೆಚ್ಚಿರುವ ಊಟ. ಇನ್ನೊಂದು ರೂಪವಾದ ನಿಕೋಟಿನಿಕ್ ಆಮ್ಲವನ್ನು ಬರೆಯುವುದಿಲ್ಲ. 50 ಮಿ.ಗ್ರಾಂಗೇ ಮುಖ ಕೆಂಪೇರಿ, ಉರಿ, ತುರಿಕೆ ಬಂದು ರೋಗಿ ಮಾತ್ರೆ ಬಿಟ್ಟುಬಿಡುತ್ತಾನೆ. ಗ್ರಾಂ ಲೆಕ್ಕದಲ್ಲಿ ನುಂಗಿದರೆ ಯಕೃತ್ತಿಗೇ ಹಾನಿ. ಎರಡನ್ನೂ ‘ನಯಾಸಿನ್’ ಎಂದೇ ಮಾರುವುದರಿಂದ ಡಬ್ಬಿಯ ಮೇಲಿನ ರಾಸಾಯನಿಕ ಹೆಸರನ್ನು ಓದಲೇಬೇಕು.

ಗೊಂದಲ ಒಂದೆರಡು ದಿನದಲ್ಲೇ ತಿಳಿಯಾಗತೊಡಗುತ್ತದೆ. ಆಗದಿದ್ದರೆ ರೋಗನಿರ್ಣಯವನ್ನು ಮತ್ತೆ ಪರಿಶೀಲಿಸಬೇಕು. ಮದ್ಯವ್ಯಸನಿಗಳಿಗಂತೂ ಮೊದಲ ದಿನವೇ ಥಯಾಮಿನ್ (ಬಿ1 ಜೀವಸತ್ವ) ಕೊಟ್ಟಿರಬೇಕು. ನಾಲಿಗೆ, ಭೇದಿ ಕೆಲವು ದಿನಗಳಲ್ಲಿ ಸುಧಾರಿಸುತ್ತವೆ. ಚರ್ಮಕ್ಕೆ ವಾರಗಳೇ ಹಿಡಿಯುತ್ತವೆ, ಅಲ್ಲಿಯವರೆಗೆ ತುಂಬುತೋಳಿನ ಬಟ್ಟೆ ತೊಟ್ಟು ಬಿಸಿಲು ತಪ್ಪಿಸಬೇಕು.