ವಿಪಿಎಸ್ ಸಿಗುತ್ತಿಲ್ಲವೇ? ದಾರಿ ಎಲ್ಲಿ ಕಡಿದಿದೆ ನೋಡಿ

ಬಾಡಿಗೆಯ ಸರ್ವರ್, ಅಂದರೆ ವಿಪಿಎಸ್, ಇರುವುದು ಮುಂಬಯಿಯಲ್ಲೋ ಸಿಂಗಪುರದಲ್ಲೋ, ನೀವಿರುವುದು ಬದಿಯಡ್ಕದಲ್ಲೋ ಪೆರ್ಲದಲ್ಲೋ. ಯಕ್ಷಗಾನ ಸಂಘದ ಜಾಲತಾಣ ತೆರೆಯದಿದ್ದರೆ ಹೆಚ್ಚಿನವರ ಕೈ ಹೋಗುವುದು ರೀಬೂಟ್ ಗುಂಡಿಯ ಕಡೆಗೆ. ಅವಸರ ಬೇಡ. ಸರ್ವರಿನ ಫೈರ್‌ವಾಲ್ (ಯಾವ ಸಂಪರ್ಕ ಒಳಬರಬಹುದು ಎಂದು ನೋಡುವ ಕಾವಲು) ಆದ ಯುಎಫ್‌ಡಬ್ಲ್ಯುನಲ್ಲಿ ತಪ್ಪಾಗಿ ಹಾಕಿದ ನಿಯಮ ರೀಬೂಟ್ ಆದ ಮೇಲೂ ಹಾಗೆಯೇ ಇರುತ್ತದೆ.

ಮೊದಲು ಮನೆಯ ಮೋಡೆಮ್ ನೋಡಿ. ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ. ಮಳೆಗಾಲವಾದರೆ ತೆಂಗಿನ ಮಡಲು ಬಿದ್ದು ಕೇಬಲ್ ತುಂಡಾಗಿದ್ದೀತು. ದೀಪ ಸರಿಯಿದ್ದರೆ ಫೋನಿನ ಹಾಟ್‌ಸ್ಪಾಟ್‌ನಿಂದ ಮತ್ತೊಮ್ಮೆ ಪ್ರಯತ್ನಿಸಿ. ಪಿಂಗ್‌ಗೆ, ಅಂದರೆ ‘ಇದ್ದೀಯಾ?’ ಎಂದು ಕೇಳುವ ಪುಟ್ಟ ಸಂದೇಶಕ್ಕೆ, ಉತ್ತರ ಬಾರದ ಮಾತ್ರಕ್ಕೆ ಸರ್ವರ್ ಸತ್ತಿದೆ ಎನ್ನಲಾಗದು, ಕೆಲವು ಫೈರ್‌ವಾಲ್‌ಗಳು ಪಿಂಗನ್ನೇ ತಡೆಯುತ್ತವೆ.

ನಿಜವಾದ ಸುಳಿವು ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ಸಾಧನ) ಕೊಡುವ ದೋಷದ ಸಾಲಿನಲ್ಲಿದೆ. ‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ಯಾರೂ ಉತ್ತರಿಸಲಿಲ್ಲ: ಸರ್ವರ್ ನಿಂತಿದೆ, ಇಲ್ಲವೇ ಫೈರ್‌ವಾಲ್ ಸದ್ದಿಲ್ಲದೆ ನುಂಗಿದೆ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ದಾರಿ ಸರಿಯಿದೆ, ಬಾಗಿಲಲ್ಲಿ ತಡೆ. ಸಾಮಾನ್ಯವಾಗಿ ಆ ಪೋರ್ಟ್‌ನಲ್ಲಿ (ಒಂದು ಸೇವೆಗೆ ಮೀಸಲಾದ, ಸಂಖ್ಯೆಯಿರುವ ಬಾಗಿಲು) ಕರೆ ಕೇಳುವ ಸೇವೆಯೇ ಇರುವುದಿಲ್ಲ. ಆದರೆ ಮನೆಯಿಂದ ರೆಫ್ಯೂಸ್ಡ್, ಹಾಟ್‌ಸ್ಪಾಟ್‌ನಿಂದ ಸಲೀಸು ಎಂದಾದರೆ ತಪ್ಪು ಲಾಗಿನ್‌ಗಳನ್ನು ಗಮನಿಸಿ ತಡೆಯುವ ಫೇಲ್‌2ಬ್ಯಾನ್ ಮೇಲೆ ಸಂಶಯಪಡಿ. ಮೂಲ ಸೆಟ್ಟಿಂಗ್‌ನಲ್ಲಿ 10 ನಿಮಿಷದೊಳಗೆ 5 ಸಲ ಪಾಸ್‌ವರ್ಡ್ ತಪ್ಪಿದರೆ ಅದು ನಿಮ್ಮ ಐಪಿಯನ್ನು (ಇಂಟರ್ನೆಟ್ ವಿಳಾಸವನ್ನು) 10 ನಿಮಿಷ ಹೊರಗಿಡುತ್ತದೆ. ಚಹಾ ಕುಡಿದು ಬಂದರೆ ಸಾಕು!

ಎರಡೂ ಕಡೆಯಿಂದ ಆಗದಿದ್ದರೆ ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಯ ನಿಯಂತ್ರಣ ಪುಟದಲ್ಲಿರುವ ಕನ್ಸೋಲ್ (ಸರ್ವರಿನ ನೇರ ಪರದೆ) ಮೂಲಕ ಒಳಹೊಕ್ಕಿ. ಅದಕ್ಕೆ ಎಸ್‌ಎಸ್‌ಎಚ್ ಬೇಕಿಲ್ಲ. ‘ಐಪಿ ರೂಟ್’ (ip route) ಎಂಬ ಆಜ್ಞೆ ಕೊಟ್ಟು ಕೇಳಿ. ‘ಡಿಫಾಲ್ಟ್’ ಎಂಬ ಸಾಲು ಇಲ್ಲದಿದ್ದರೆ ಸರ್ವರ್‌ಗೆ ಹೊರದಾರಿಯೇ ಗೊತ್ತಿಲ್ಲ. 8.8.8.8ಕ್ಕೆ (ಗೂಗಲ್‌ನ ವಿಳಾಸ) ಪಿಂಗ್ ಹೋಗಿ ಜಾಲತಾಣದ ಹೆಸರಿಗೆ ಹೋಗದಿದ್ದರೆ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ಕೆಟ್ಟಿದೆ. ಉಬುಂಟು ಲಿನಕ್ಸ್‌ನಲ್ಲಿ ಸರ್ವರಿನ ವಿಳಾಸ ತಿದ್ದುವಾಗ ‘ನೆಟ್‌ಪ್ಲಾನ್ ಅಪ್ಲೈ’ ಬದಲು ‘ನೆಟ್‌ಪ್ಲಾನ್ ಟ್ರೈ’ ಬಳಸಿ. 120 ಸೆಕೆಂಡಿನಲ್ಲಿ ನೀವು ಒಪ್ಪಿಗೆ ಕೊಡದಿದ್ದರೆ ಹಳೆಯದೇ ಮರಳುತ್ತದೆ.

ಮುಂದೆ ‘ಎಸ್‌ಎಸ್ -ಟಿಎಲ್‌ಎನ್‌ಪಿ’ (ss -tlnp), ಯಾವ ಸೇವೆ ಯಾವ ವಿಳಾಸದಲ್ಲಿ ಕೇಳುತ್ತಿದೆ ಎಂದು ತೋರಿಸುವ ಆಜ್ಞೆ. ಜಾಲತಾಣದ ಸೇವೆ 127.0.0.1ರಲ್ಲಿ (ಸರ್ವರ್ ತನ್ನೊಳಗೇ ಬಳಸುವ ವಿಳಾಸ) ಮಾತ್ರ ಕೇಳುತ್ತಿದ್ದರೆ ಹೊರಗಿನವರಿಗೆ ಅದು ಸಿಗದು, 0.0.0.0 (ಎಲ್ಲ ವಿಳಾಸಗಳು) ಅಥವಾ ಸರ್ವರಿನ ಹೊರ ವಿಳಾಸ ಇರಬೇಕು. ಯುಎಫ್‌ಡಬ್ಲ್ಯುನಲ್ಲಿ 22 (ಎಸ್‌ಎಸ್‌ಎಚ್), 80 ಮತ್ತು 443 (ಜಾಲತಾಣ) ಪೋರ್ಟ್‌ಗಳು ತೆರೆದಿವೆಯೇ ನೋಡಿ. 22ಕ್ಕೆ ಅನುಮತಿ ಕೊಡುವ ಮೊದಲೇ ಫೈರ್‌ವಾಲನ್ನು ಚಾಲೂ ಮಾಡಿ ತಮ್ಮನ್ನೇ ಹೊರಗೆ ಹಾಕಿಕೊಂಡವರು ಬಹಳ. ಕಂಪನಿಯ ಪುಟದಲ್ಲಿ ಇನ್ನೊಂದು ಫೈರ್‌ವಾಲ್ ಇರಬಹುದು, ಅದನ್ನು ಬೇರೆಯೇ ತೆರೆಯಬೇಕು.

ಲಾಗಿನ್ ಶುರುವಾಗಿ ನಡುವೆ ಸ್ತಬ್ಧವಾಗುತ್ತದೆಯೇ? ಆಗ ಎಂಟಿಯು (ದಾರಿಯಲ್ಲಿ ಹಿಡಿಸುವ ಅತಿ ದೊಡ್ಡ ಪ್ಯಾಕೆಟ್‌ನ ಅಳತೆ) ಪರೀಕ್ಷಿಸಿ. ಲಿನಕ್ಸ್‌ನಲ್ಲಿ ‘ಪಿಂಗ್ -ಎಂ ಡು -ಎಸ್ 1472’ (ping -M do -s 1472, ಮುಂದೆ ಸರ್ವರಿನ ವಿಳಾಸ) ಸೋತು 1464 ದಾಟಿದರೆ, 28 ಬೈಟ್ ತಲೆಬರಹ ಸೇರಿ ದಾರಿಯಲ್ಲಿ 1492 ಬೈಟ್‌ಗಿಂತ ದೊಡ್ಡ ಪ್ಯಾಕೆಟ್ ಹಿಡಿಸುತ್ತಿಲ್ಲ. ಪಿಪಿಪಿಒಇ (ಬಳಕೆದಾರನ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ವಿಧಾನ) ಬಳಸುವ ಫೈಬರ್ ಲೈನ್‌ಗಳ ಮಾಮೂಲಿ ಅಳತೆಯಿದು. ಮೋಡೆಮ್‌ನಲ್ಲೂ 1492 ಎಂದೇ ಇಡಿ.

ಇಷ್ಟಾದರೂ ಬಗೆಹರಿಯದಿದ್ದರೆ ಮನೆಯಿಂದ ಸರ್ವರಿಗೂ ಸರ್ವರಿನಿಂದ ಮನೆಗೂ ಎಂಟಿಆರ್ (ದಾರಿಯ ಪ್ರತಿ ನಿಲ್ದಾಣದಲ್ಲಿ ಎಷ್ಟು ಪ್ಯಾಕೆಟ್ ಕಳೆದುಹೋಯಿತು ಎಂದು ಸಾಲುಸಾಲಾಗಿ ತೋರಿಸುವ ಸಾಧನ) ಓಡಿಸಿ, 100 ಪ್ಯಾಕೆಟ್ ಸಾಕು. ನಡುವಿನ ಒಂದು ಸಾಲಿನಲ್ಲಿ ಮಾತ್ರ ನಷ್ಟ ಕಂಡರೆ ಗಾಬರಿ ಬೇಡ, ಕೊನೆಯ ಸಾಲಿನವರೆಗೂ ನಷ್ಟ ಮುಂದುವರಿದರಷ್ಟೇ ಲೆಕ್ಕ. ಎರಡೂ ಫಲಿತಾಂಶಗಳನ್ನು ದೂರಿನ ಜೊತೆ ಕಂಪನಿಗೆ ಕಳಿಸಿ.