ಒಂದೇ ಹೆಸರಲ್ಲಿ ಮೂವತ್ತೊಂದು ಅಂಗಡಿ

ಹೋಂಸ್ಟೇ ನಡೆಸುವ ನಮ್ಮ ಭಾವನಿಗೆ ವೆಬ್‌ಸೈಟ್‌ಗೆ ಅಂತ ಒಂದು ಡಾಟ್ ಕಾಮ್ ಹೆಸರು, ಅಂದರೆ ಡೊಮೇನ್, ತೆಗೆಸಿಕೊಟ್ಟಿದ್ದೆ. ರಿನ್ಯೂ ಮಾಡಿ ಅಂತ ಬಂದ ಮೇಲ್‌ಗಳೆಲ್ಲ ಅವರು ಬಿಟ್ಟೇಬಿಟ್ಟಿದ್ದ ಹಳೇ ಐಡಿಗೆ ಹೋಗಿದ್ದವು. ಅವಧಿ ಮುಗಿದರೂ ಡಾಟ್ ಕಾಮ್‌ನಲ್ಲಿ ಹೆಚ್ಚೆಂದರೆ 45 ದಿನ ವಾಯಿದೆ ಇರುತ್ತದೆ. ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ. ಅದೂ ದಾಟಿದರೆ 5 ದಿನದಲ್ಲಿ ಹೆಸರು ಸಂತೆಗೆ ಬೀಳುತ್ತದೆ. ನಮ್ಮದು ಬಿತ್ತು. ಎತ್ತಿಕೊಂಡವರು ವಾಪಸ್ ಕೊಡಲು 40,000 ರೂಪಾಯಿ ಕೇಳಿದರು.

"ನೀನು ಕಂಪ್ಯೂಟರ್ ಓದಿದ್ದು ಯಾಕೆ ಮಾರಾಯ?" ಅಂದರು ಭಾವ.

ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಡೊಮೇನ್ ಹಂಚಿಕೆಯೂ ಹಾಗೇ. ಟವೆಲ್ ಹಾಕಿದವನದೇ ಸೀಟು. ಟ್ರೇಡ್‌ಮಾರ್ಕ್ ಇದ್ದವರು ದೂರು ಕೊಡಬಹುದು, ಭಾವನ ಹತ್ತಿರ ಅದೆಲ್ಲಿಂದ ಬರಬೇಕು?

ಅದಕ್ಕೇ ನಮ್ಮೂರಿನ ಹೆಸರಿರುವ ಒಂದೇ ಒಂದು ಡಾಟ್ ಇನ್ ಕೊಂಡೆ. ಕೇಳಿದ ಅಂಗಡಿಗೆಲ್ಲ ಅದರ ಕೆಳಗೆ ಸಬ್‌ಡೊಮೇನ್, ಅಂದರೆ ಊರಿನ ಹೆಸರಿಗೆ ಮುಂದೆ ಡಾಟ್ ಹಾಕಿ ಅಂಗಡಿಯ ಹೆಸರು, ಕೊಡುತ್ತಾ ಹೋದೆ. ಯಾವ ಹೆಸರು ಯಾವ ಕಂಪ್ಯೂಟರಿಗೆ ಹೋಗಬೇಕು ಅಂತ ಹೇಳುವ ಪಟ್ಟಿ ಡಿಎನ್‌ಎಸ್. ಅದರಲ್ಲಿ ಒಂದು ಸಾಲು ಬರೆದರೆ ಆಯಿತು, ಅದಕ್ಕೆ ಬೇರೆ ದುಡ್ಡಿಲ್ಲ. ವರ್ಷದ ಫೀಸು ಮೇಲಿನ ಹೆಸರಿಗೆ ಮಾತ್ರ. ಇದೇನು ನನ್ನ ತಲೆಯಿಂದ ಬಂದದ್ದಲ್ಲ. 1993ರಲ್ಲೇ ಇಂಟರ್ನೆಟ್ಟಿನ ಹೆಸರುಗಳನ್ನು ನೋಡಿಕೊಳ್ಳುತ್ತಿದ್ದ ಜಾನ್ ಪೋಸ್ಟೆಲ್ ಮತ್ತು ಅವರ ಜೊತೆಗಿದ್ದ ಆನ್ ಕೂಪರ್ ಅಮೆರಿಕದ ಡಾಟ್ ಯುಎಸ್‌ಗೆ ಹೀಗೇ, ಊರು ಆಮೇಲೆ ರಾಜ್ಯ ಅನ್ನುವ ಲೆಕ್ಕದಲ್ಲಿ ಹಂಚಿಕೆಯ ಕ್ರಮ ಬರೆದಿಟ್ಟಿದ್ದರು.

ಮೊದಲ ಜಗಳ ಎರಡು ಗಣೇಶ ಭವನಗಳದ್ದು. ಬಸ್‌ಸ್ಟ್ಯಾಂಡಿನವರು ಮೊದಲು ಕೇಳಿದ್ದರು. ಪೇಟೆಯವರು ಅವರಪ್ಪನ ಕಾಲದಿಂದ ದೋಸೆ ಹುಯ್ಯುತ್ತಿರುವವರು. ಇಲ್ಲೂ ಟವೆಲ್ ಲೆಕ್ಕ ಹಿಡಿದರೆ ನಾನು ಮಾಡಿದ್ದಕ್ಕೆ ಏನರ್ಥ, ಅಲ್ವಾ? ಇನ್ನೊಂದು ಡಾಟ್ ಹಾಕಿದೆ. ಒಬ್ಬರದು 'ಗಣೇಶಭವನ ಡಾಟ್ ಪೇಟೆ', ಇನ್ನೊಬ್ಬರದು 'ಗಣೇಶಭವನ ಡಾಟ್ ಬಸ್‌ಸ್ಟ್ಯಾಂಡ್', ಆಮೇಲೆ ಊರು. ಬರೀ 'ಗಣೇಶಭವನ' ಅಂತ ಹೊಡೆದರೆ ಇಬ್ಬರ ಲಿಂಕೂ ಇರುವ ಪುಟ ಬರುತ್ತದೆ.

ಪೆಟ್ಟು ತಿಂದದ್ದು ಬೇರೆ ಕಡೆ. ಒಬ್ಬ ಬಟ್ಟೆ ಅಂಗಡಿಯವರು ಸೈಟ್ ನಿಲ್ಲಿಸಿದರು. ಅವರ ಸೈಟ್ ಇಟ್ಟಿದ್ದ ಬಾಡಿಗೆ ಜಾಗದ (ಹೋಸ್ಟಿಂಗ್) ಕಡೆ ಕೈ ತೋರಿಸುತ್ತಿದ್ದ ಡಿಎನ್‌ಎಸ್‌ನ ಸಾಲನ್ನು ನಾನು ಅಳಿಸಲಿಲ್ಲ. ಖಾಲಿಯಾದ ಆ ಜಾಗವನ್ನು ಯಾರೋ ಹಿಡಿದು ಜೂಜಿನ ಪುಟ ಕೂರಿಸಿದರು. ವಿಳಾಸ ಮಾತ್ರ ನಮ್ಮೂರದ್ದೇ! ಎರಡು ದಿನದಲ್ಲಿ ಬ್ರೌಸರ್ ಮೂವತ್ತೊಂದೂ ಅಂಗಡಿಗೆ ಕೆಂಪು ಎಚ್ಚರಿಕೆ ತೋರಿಸತೊಡಗಿತು. ಒಬ್ಬರ ಕಸಕ್ಕೆ ಎಲ್ಲರ ಬಾಗಿಲೂ ಬಂದ್. ಸಾಲು ಅಳಿಸಿದೆ, ಮರುಪರಿಶೀಲನೆಗೆ ಬರೆದೆ, ಸರಿಹೋಗುವಷ್ಟರಲ್ಲಿ ಒಂದು ವಾರ ಫೋನ್ ಎತ್ತಲು ಹೆದರಿಕೆ.

ಈಗ ತಿಂಗಳ ಮೊದಲ ಭಾನುವಾರ ಒಂದೊಂದೇ ಸಾಲು ತೆರೆದು ನೋಡುತ್ತೇನೆ. ಪಾಸ್‌ವರ್ಡ್ ಲಕೋಟೆಯಲ್ಲಿ ಹಾಕಿ ಇಬ್ಬರು ಅಂಗಡಿಯವರಿಗೆ ಕೊಟ್ಟಿದ್ದೇನೆ. ನನಗೇನಾದರೂ ಆದರೆ ಭಾವನ ಕಥೆಯೇ ಆಗಬಾರದಲ್ಲ. ಮುಂದಿನ ರಿನ್ಯೂವಲ್ ತಾರೀಖು ಪೇಟೆ ಗಣೇಶ ಭವನದ ಗಲ್ಲಾಪೆಟ್ಟಿಗೆ ಮೇಲೆ ಅಂಟಿಸಿದೆ.

ಅಂಟಿಸುವಾಗ ಅವರು ಮೆಲ್ಲಗೆ ಕೇಳಿದರು, "ಬಸ್‌ಸ್ಟ್ಯಾಂಡಿನವರು ಹೋಟೆಲ್ ಮುಚ್ಚಿದರೆ ಆ ಬರೀ ಹೆಸರು ನನಗೇ ತಾನೆ?"